ಹಳೇ ಕಾರಿನ ಮುಂದಿನ ಶಾಕಪ್ ಬದಲಿಸೋದು: ಸ್ಪ್ರಿಂಗ್ ಬಿಟ್ಟು ಮಿಕ್ಕಿದ್ದೆಲ್ಲ ಮನೆಯಲ್ಲೇ

ಶ್ರೀನಿವಾಸಪುರದಿಂದ ಕೋಲಾರಕ್ಕೆ ಬರುವಾಗ ಪ್ರತಿ ಹಂಪ್ ಆದಮೇಲೂ ನಮ್ಮ 2009ರ ಆಲ್ಟೊ ಎರಡೆರಡು ಸಲ ತಲೆಯಾಡಿಸುತ್ತಿತ್ತು, ಯಾರೋ ಹೇಳಿದ್ದಕ್ಕೆಲ್ಲ ಹೂಂ ಹೂಂ ಅಂದ ಹಾಗೆ. ಮಾವಿನ ಕಾಲದಲ್ಲಿ ತೋಟದ ಮಣ್ಣು ದಾರಿ ತುಳಿದ ಗಾಡಿ, ಅದರದ್ದೇನೂ ತಪ್ಪಿಲ್ಲ ಬಿಡಿ.

ನಿಮ್ಮದನ್ನೂ ಪರೀಕ್ಷಿಸಿ. ಮುಂದಿನ ಮೂಲೆಯನ್ನು ಎರಡೂ ಕೈಯಲ್ಲಿ ಒತ್ತಿ ತಟ್ಟನೆ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ, ಮತ್ತೆ ಮತ್ತೆ ಕುಣಿದರೆ ಶಾಕಪ್ ಹೋಗಿದೆ. ಗಾಡಿಯ ಭಾರ ಹೊರೋದು ಸ್ಪ್ರಿಂಗ್. ಅದರ ಕುಣಿತ ನಿಲ್ಲಿಸೋದು ಶಾಕಪ್, ಒಳಗಿನ ಎಣ್ಣೆಯನ್ನು ಸಣ್ಣ ತೂತುಗಳಲ್ಲಿ ದಾಟಿಸಿ. ಮೈಯೆಲ್ಲ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿದ್ದರೆ ಪರೀಕ್ಷೆಯೇ ಬೇಡ. ಒಂದು ಕಡೆಯದು ಮಾತ್ರ ಹೋಗಿದ್ದರೂ ಎರಡನ್ನೂ ಬದಲಿಸಿ, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಎಡಬಲ ಒಂದೇ ಥರ ನಡೆದುಕೊಳ್ಳಲ್ಲ.

ಹಿಂದಿನ ರಾತ್ರಿಯೇ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬೆಳಿಗ್ಗೆ ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಚಕ್ರದ ನಟ್ ನೆಲದ ಮೇಲಿರುವಾಗಲೇ ಸಡಿಲಿಸಿ, ಆಮೇಲೆ ಜಾಕಿ. ಜಾಕಿ ಎತ್ತೋಕೆ ಮಾತ್ರ, ಗಾಡಿ ನಿಲ್ಲಬೇಕಾದ್ದು ಜಾಕಿ ಸ್ಟ್ಯಾಂಡ್ ಮೇಲೆ. ನಮ್ಮ ಕಡೆ ಸೈಜುಗಲ್ಲಿಗೆ ಬರವಿಲ್ಲ, ಅದನ್ನೇ ಕೊಟ್ಟರೆ ಸಾಲದಾ ಅಂತ ಕೇಳುತ್ತಾರೆ. ಸಾಲದು. ಕಲ್ಲಿನ ಮೇಲೆ ಕಬ್ಬಿಣ ಜಾರುತ್ತದೆ. ಬಿಚ್ಚಿದ ಚಕ್ರವನ್ನೂ ಬಾಗಿಲ ಕೆಳಗೆ ತಳ್ಳಿಡಿ, ಸುಮ್ನೆ ಧೈರ್ಯಕ್ಕೆ.

ಮೊದಲು ಶಾಕಪ್‌ಗೆ ಸಿಕ್ಕಿಸಿರುವ ಬ್ರೇಕ್ ಹೋಸ್‌ನ ಕ್ಲಿಪ್ ತೆಗೆಯಿರಿ. ನಾನು ಇದನ್ನು ಮರೆತು ಎಳೆದು, ಹೋಸ್ ತಂತಿಯಂತೆ ಬಿಗಿದಾಗ ಎದೆ ಧಸಕ್ ಅಂದಿತ್ತು. ಕೆಲವು ಕಾರುಗಳಲ್ಲಿ ಲಿಂಕ್ ರಾಡ್, ಎಬಿಎಸ್ ವೈರ್ ಕೂಡ ಇಲ್ಲೇ ಇರುತ್ತವೆ, ಅವನ್ನೂ ಬಿಡಿಸಿ. ಆಮೇಲೆ ಶಾಕಪ್ ಮತ್ತು ನಕಲ್ (ಚಕ್ರವನ್ನು ಹೊತ್ತಿರುವ ದಪ್ಪ ಕಬ್ಬಿಣದ ತುಂಡು) ಸೇರುವ ಕಡೆ ಎರಡು ದಪ್ಪ ಬೋಲ್ಟ್. ಬೋಲ್ಟ್ ತಲೆಯನ್ನು ಒಂದು ಸ್ಪ್ಯಾನರ್‌ನಲ್ಲಿ ಹಿಡಿದು ನಟ್ ತಿರುಗಿಸಿ. ಬೋಲ್ಟ್ ಹೊರಗೆ ಬರದಿದ್ದರೆ ನಟ್ಟನ್ನು ತುದಿಯಲ್ಲಿ ಸ್ವಲ್ಪ ಹಾಕಿ ಅದರ ಮೇಲೆ ಬಡಿಯಿರಿ, ಬೋಲ್ಟಿನ ಮರೆ (ಥ್ರೆಡ್) ಹಾಳಾಗಲ್ಲ. ನಕಲ್ಲನ್ನು ಹೊರಗೆ ವಾಲಲು ಬಿಡದೆ ಹಗ್ಗದಲ್ಲಿ ಕಟ್ಟಿ, ಇಲ್ಲದಿದ್ದರೆ ಆಕ್ಸೆಲ್ ಜಾಯಿಂಟ್ ಎಳೆದುಕೊಳ್ಳುತ್ತದೆ. ಕೊನೆಗೆ ಬಾನೆಟ್ ಒಳಗೆ ಶಾಕಪ್ ತುದಿಯ ಸುತ್ತಲ ಸಣ್ಣ ನಟ್‌ಗಳು. ಇನ್ನೊಂದು ಕೈ ಶಾಕಪ್ ಮೇಲಿರಲಿ, ಕಳಚಿದ ಕೂಡಲೇ ಧಪ್ ಅಂತ ಬೀಳುತ್ತದೆ.

ಮಧ್ಯದ ದೊಡ್ಡ ನಟ್ ಮುಟ್ಟಬೇಡಿ. ಶಾಕಪ್ ಸುತ್ತ ಅದುಮಿಟ್ಟ ಸ್ಪ್ರಿಂಗನ್ನು ಹಿಡಿದಿರೋದೇ ಅದು. ಸ್ಪ್ರಿಂಗ್ ಒತ್ತದೆ ಆ ನಟ್ ಬಿಚ್ಚಿದರೆ ಸ್ಪ್ರಿಂಗ್ ತುದಿ ಕೂರುವ ಮೇಲಿನ ಕಪ್ ಗುಂಡಿನ ಹಾಗೆ ಹಾರುತ್ತದೆ, ಮುಖ ಅಡ್ಡ ಇದ್ದರೆ ಮುಗಿಯಿತು. ಕೈಯಲ್ಲಿ ತಿರುಗಿಸುವ ಸ್ಪ್ರಿಂಗ್ ಕಂಪ್ರೆಸರ್ ಬಾಡಿಗೆಗೆ ಸಿಗಬಹುದು, ಯೂಟ್ಯೂಬ್‌ನಲ್ಲಿ ಹಗ್ಗ ಕಟ್ಟಿ ಮಾಡುವ ಶೂರರೂ ಇದ್ದಾರೆ. ನನಗಂತೂ ಅಷ್ಟು ಹುಮ್ಮಸ್ಸಿಲ್ಲ. ಎರಡೂ ಶಾಕಪ್‌ಗಳ ಮೇಲೆ ಎಡ, ಬಲ ಅಂತ ಬರೆದು, ಸ್ಕೂಟರಿನ ಫುಟ್‌ಬೋರ್ಡ್ ಮೇಲಿಟ್ಟುಕೊಂಡು ಸ್ಪ್ರಿಂಗ್ ಒತ್ತುವ ಪ್ರೆಸ್ ಇರುವ ಗ್ಯಾರೇಜಿಗೆ ಒಯ್ದೆ. ಕಾಫಿ ಕುಡಿಯುವಷ್ಟರಲ್ಲಿ ಹಳೇ ಸ್ಪ್ರಿಂಗ್ ಹೊಸ ಶಾಕಪ್ ಮೇಲೆ ಕೂತಿತ್ತು.

ಅಲ್ಲಿ ಪಕ್ಕದಲ್ಲೇ ನಿಂತಿರಿ. ಹೊಸ ಶಾಕಪ್ಪನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆಯಬೇಕು, ಒಳಗಿನ ಗಾಳಿ ಮೇಲೇಳುತ್ತದೆ. ರಾಡನ್ನು ಪ್ಲೈಯರ್‌ನಲ್ಲಿ ಹಿಡಿಯಲು ಬಿಡಬೇಡಿ, ಒಂದು ಗೀರು ಬಿದ್ದರೂ ಸೀಲ್ ಕೊಯ್ದು ಎಣ್ಣೆ ಸೋರುತ್ತದೆ. ಸ್ಪ್ರಿಂಗಿನ ತುದಿ ಕಪ್ಪಿನ ಮೆಟ್ಟಿಲಿಗೆ ಸರಿಯಾಗಿ ಕೂರಬೇಕು. ಮೇಲ್ತುದಿಯ ಮೌಂಟಿಂಗ್, ಬೇರಿಂಗ್, ಬಂಪ್ ಸ್ಟಾಪ್ (ತಳ ಬಡಿಯದ ಹಾಗೆ ತಡೆಯುವ ರಬ್ಬರ್), ಬೂಟ್ (ಧೂಳು ತಡೆಯುವ ರಬ್ಬರ್ ಚೀಲ) ಹಳೆಯವನ್ನೇ ಹಾಕಿ ದುಡ್ಡು ಉಳಿಸಲು ಹೋದರೆ ಮತ್ತೆ ಇಷ್ಟೆಲ್ಲ ಬಿಚ್ಚಬೇಕು, ಅಲ್ವಾ?

ಜೋಡಿಸೋದು ಉಲ್ಟಾ ಕ್ರಮದಲ್ಲಿ. ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲೇ ಹಿಡಿಸಿ, ಆಮೇಲೆ ಕಾರಿನ ಮ್ಯಾನುಯಲ್‌ನಲ್ಲಿರುವ ಬಿಗಿಗೆ ಟಾರ್ಕ್ ರೆಂಚ್‌ನಲ್ಲಿ ಬಿಗಿಯಿರಿ. ಹೋಸ್ ಕ್ಲಿಪ್ ಹಾಕಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಹೋಸ್ ತಿರುಚಿಕೊಂಡಿಲ್ಲ ಅಂತ ನೋಡಿ. ಚಕ್ರದ ನಟ್‌ಗಳನ್ನು ಸ್ವಲ್ಪ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಯಿರಿ.

ನಕಲ್ಲಿನ ಆ ಎರಡು ದಪ್ಪ ಬೋಲ್ಟ್ ಬಿಚ್ಚಿದ ಮೇಲೆ ಚಕ್ರದ ಕೋನ ಬದಲಾಗಿರುತ್ತದೆ, ಹಾಗಾಗಿ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಆದರೆ ಹೋಗುವ ಮುಂಚೆ, ಚಕ್ರ ಬಿಚ್ಚಿರುವಾಗಲೇ, ಚಕ್ರವನ್ನು ಕೆಳಗಡೆ ಹಿಡಿದಿರುವ ಲೋವರ್ ಆರ್ಮ್‌ನ ರಬ್ಬರ್ ಬುಷ್ ಮತ್ತು ಬಾಲ್ ಜಾಯಿಂಟ್ ಅಲ್ಲಾಡಿಸಿ ನೋಡಿಕೊಳ್ಳಿ. ನಾನು ನೋಡಲಿಲ್ಲ. ಶಾಕಪ್ ಸದ್ದು ನಿಂತ ಮೇಲೆ ಬುಷ್ ಸದ್ದು ಕೇಳಿಸಿತು, ಅದನ್ನೂ ಬದಲಿಸಿ ಹದಿನೈದೇ ದಿನದಲ್ಲಿ ಅಲೈನ್‌ಮೆಂಟ್‌ಗೆ ಎರಡನೇ ಸಲ ದುಡ್ಡು ಕೊಟ್ಟೆ.