ಆಫರ್ ಲೆಟರ್‌ನ ಕೊನೆಯ ಪುಟ

ಪೀಣ್ಯದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದಾಗ ನನಗೆ ಎರಡು ಕಡೆಯಿಂದ ಆಫರ್ ಬಂತು. ಒಂದರಲ್ಲಿ ವರ್ಷಕ್ಕೆ 9 ಲಕ್ಷ, ಇನ್ನೊಂದರಲ್ಲಿ 8.2 ಲಕ್ಷ. ಮನೆಯಲ್ಲಿ ಎಲ್ಲರೂ "9 ಲಕ್ಷದ್ದೇ ತಗೋ, ಇದರಲ್ಲಿ ಯೋಚನೆ ಏನಿದೆ" ಅಂದರು. ನಾನು ಎರಡೂ ಆಫರ್ ಲೆಟರ್‌ನ ಕೊನೆಯ ಪುಟ ತೆಗೆದು ಲೆಕ್ಕಕ್ಕೆ ಕೂತೆ.

9 ಲಕ್ಷದಲ್ಲಿ 1,20,000 ವೇರಿಯಬಲ್ ಪೇ, ಅಂದರೆ ಪೂರ್ತಿ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲದ ಭಾಗ. ಬೇಸಿಕ್ ತಿಂಗಳಿಗೆ 30,000. ಅದರ ಮೇಲೆ ಕಂಪನಿ ಕಟ್ಟುವ 12% ಪಿಎಫ್ ವರ್ಷಕ್ಕೆ 43,200, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಸಿಗುವ ಇಡಿಗಂಟು) ಬಾಬ್ತು 17,316. ಇವೆಲ್ಲ ಸಿಟಿಸಿ, ಅಂದರೆ ಕಂಪನಿ ನಮಗಾಗಿ ಮಾಡುವ ಒಟ್ಟು ಖರ್ಚಿನ ಒಳಗೇ ಸೇರಿರುತ್ತವೆ. ಇಷ್ಟನ್ನು ಕಳೆದು, ತಿಂಗಳ ಲೆಕ್ಕಕ್ಕೆ ತಂದು, ನನ್ನ ಪಾಲಿನ ಪಿಎಫ್ 3,600 ಮತ್ತು ವೃತ್ತಿ ತೆರಿಗೆ 200 ತೆಗೆದರೆ ಕೈಗೆ ಬರುವುದು ಸುಮಾರು 56,000. ಎರಡನೆಯದರಲ್ಲೂ ಬೇಸಿಕ್ ಅಷ್ಟೇ, ಆದರೆ ವೇರಿಯಬಲ್ ಇಲ್ಲ. ಕೈಗೆ 59,000ಕ್ಕೂ ಜಾಸ್ತಿ!

ವೇರಿಯಬಲ್ ಪೂರ್ತಿ ಕೊಟ್ಟರೆ ಮೊದಲನೆಯದೇ ಲಾಭ, ಅಲ್ವಾ? ಅದಕ್ಕೇ ಅಲ್ಲಿ ಕೆಲಸ ಮಾಡುವ ಪರಿಚಯದವರಿಗೆ ಫೋನ್ ಮಾಡಿದೆ. "ಹೋದ ವರ್ಷ ಎಷ್ಟು ಕೊಟ್ಟರು ಸರ್?" "ಅರ್ಧ ಬಂತು. ಅದೂ ದೀಪಾವಳಿ ಕಳೆದ ಮೇಲೆ." ಅರ್ಧವೇ ಬಂದರೆ ವರ್ಷಕ್ಕೆ ಮೊದಲನೆಯದರಲ್ಲಿ ಜಾಸ್ತಿ ಸಿಗುವುದು ಬರೀ 20,000, ಅದಕ್ಕೂ ಖಾತ್ರಿ ಇಲ್ಲ.

ಎರಡೂ ಕಡೆ ಇನ್ನೊಂದು ಪ್ರಶ್ನೆ ಕೇಳಿದ್ದೆ: ಈ ಜಾಗದಲ್ಲಿ ಮೊದಲು ಇದ್ದವರು ಎಲ್ಲಿದ್ದಾರೆ? ಮೊದಲ ಕಡೆ ಮಾತು ಬೇರೆ ಕಡೆ ತಿರುಗಿತು. ಎರಡನೇ ಕಡೆಯ ಮ್ಯಾನೇಜರ್ "ಬನ್ನಿ, ಇಲ್ಲೇ ಇದ್ದಾರೆ" ಅಂತ ಶಾಪ್ ಫ್ಲೋರ್‌ಗೆ ಕರೆದುಕೊಂಡು ಹೋದರು. ಆ ವ್ಯಕ್ತಿಗೆ ಬಡ್ತಿಯಾಗಿತ್ತು. ಅಲ್ಲಿ ಮೈಕ್ರೋಮೀಟರ್‌ಗಳ (ಸೂಕ್ಷ್ಮ ಅಳತೆಯ ಉಪಕರಣ) ಮೇಲಿನ ಕ್ಯಾಲಿಬ್ರೇಷನ್ ಸ್ಟಿಕರ್, ಅಂದರೆ ಅಳತೆ ಸರಿ ಇದೆಯಾ ಅಂತ ಮತ್ತೆ ಪರೀಕ್ಷಿಸಬೇಕಾದ ತಾರೀಖಿನ ಚೀಟಿ ನೋಡಿದೆ. ಒಂದರದ್ದೂ ತಾರೀಖು ಮೀರಿರಲಿಲ್ಲ. ಒಬ್ಬ ಆಪರೇಟರ್ ತಾನೇ ಮಷಿನ್ ನಿಲ್ಲಿಸಿ, ಅಳತೆ ಹೆಚ್ಚುಕಮ್ಮಿ ಆಗಿದೆ ಅಂತ ಕ್ವಾಲಿಟಿಯವರನ್ನು ಕರೆದ. ಅವನನ್ನು ಯಾರೂ ಬೈಯಲಿಲ್ಲ. ನನ್ನ ಮನಸ್ಸು ಗಟ್ಟಿಯಾಗಿದ್ದು ಅಲ್ಲೇ. ಇಂಥ ಜಾಗದಲ್ಲಿ ಕೆಲಸ ಕಲಿಯಬಹುದು.

ಆದರೂ ರಾಜೀನಾಮೆಗೆ ಅವಸರ ಮಾಡಲಿಲ್ಲ. ಹಳೆಯ ಕಡೆ 5 ವರ್ಷ ತುಂಬಲು ಸ್ವಲ್ಪವೇ ಬಾಕಿ ಇತ್ತು. ತುಂಬಿದರೆ ಗ್ರಾಚ್ಯುಟಿ ಸಿಗುತ್ತದೆ. ಅಲ್ಲಿ ನನ್ನ ಬೇಸಿಕ್ 26,000. 15/26 ಲೆಕ್ಕದಲ್ಲಿ, ಅಂದರೆ ತಿಂಗಳಿಗೆ 26 ದಿನ ಅಂತ ಹಿಡಿದು 15 ದಿನದ ಸಂಬಳ, ವರ್ಷಕ್ಕೆ 15,000, ಒಟ್ಟು 75,000. ಸುಮ್ನೆ ಬಿಟ್ಟು ಬರುವ ದುಡ್ಡಲ್ಲ. ಹೊಸ ಎಚ್‌ಆರ್‌ಗೆ ವಿಷಯ ಹೇಳಿ ಜಾಯಿನಿಂಗ್ ತಾರೀಖು ಮುಂದಕ್ಕೆ ಕೇಳಿದೆ, ಒಪ್ಪಿದರು. ಆ ತಾರೀಖು ಇರುವ ಲೆಟರ್ ಕೈಗೆ ಬಂದ ಮೇಲೆಯೇ ರಾಜೀನಾಮೆ ಕೊಟ್ಟೆ. ನೋಟಿಸ್ ಪೀರಿಯಡ್ ಪೂರ್ತಿ ಮಾಡಿ ರಿಲೀವಿಂಗ್ ಲೆಟರ್ ತಗೊಂಡೆ.

ಪಿಎಫ್ ದುಡ್ಡು ತೆಗೆದು ಬೈಕ್ ತಗೋ ಅಂತ ಸ್ನೇಹಿತರು ಹೇಳಿದರು. ಮುಟ್ಟಲಿಲ್ಲ, ಅದೇ ಯುಎಎನ್‌ನಲ್ಲಿ (ಕಂಪನಿ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿದೆ. ಪಿಎಫ್ ಪಿಂಚಣಿಗೆ 10 ವರ್ಷದ ಸೇವೆ ಬೇಕು, ಅದರಲ್ಲಿ ಅರ್ಧ ಆಗಲೇ ಮುಗಿದಿತ್ತು.