ಹಾಸನದಿಂದ ಸ್ಟುಟ್‌ಗಾರ್ಟ್‌ಗೆ ಹೊರಟಿರುವ ತಂಗಿಗೆ: ಮೊದಲ ಕ್ರಿಸ್‌ಮಸ್ ಬಗ್ಗೆ

ಜರ್ಮನಿಯಿಂದ ರಜೆಗೆ ಹಾಸನಕ್ಕೆ ಬಂದಿದ್ದೇನೆ. ಅಲ್ಲಿ ನಮ್ಮ ಯಜಮಾನರು ಪಾಸ್ಟರ್. ನಮ್ಮ ಚರ್ಚಿನ ಸಭೆಯಿಂದಲೇ ಇನ್ನೊಂದು ಪಾಸ್ಟರ್ ಕುಟುಂಬ ಸೇವೆಗೆ ಜರ್ಮನಿಗೆ ಹೊರಟಿದೆ. ಭಾನುವಾರ ಆರಾಧನೆ ಮುಗಿದ ಮೇಲೆ ಆ ತಂಗಿ ನನ್ನ ಕೈ ಹಿಡಿದುಕೊಂಡು "ಅಕ್ಕ, ಸೂಟ್‌ಕೇಸಿಗೆ ಏನೇನು ಹಾಕಲಿ?" ಅಂದಳು. ಸ್ವೆಟರ್, ಸಾರಿನ ಪುಡಿ ಅಂತ ಏನೋ ಹೇಳಿ ಬಂದೆ. ಮನೆಗೆ ಬಂದ ಮೇಲೆ, ಹೇಳಬೇಕಾದ್ದು ಹೇಳಲೇ ಇಲ್ಲ ಅನ್ನಿಸಿತು. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನಿಂದ ಮುಂದೆ ಹೊರಡುವವರಿಗೂ ಇದು ಬೇಕಾಗಬಹುದು.

ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ, ಆಮೇಲೆ ಬ್ಯಾಂಕ್ ಖಾತೆ, ಆರೋಗ್ಯ ವಿಮೆ. ಸಭೆಯವರು ಜೊತೆಗೆ ಬರುತ್ತಾರೆ, ಹೆದರಬೇಡಿ. ಮಾಂಸ, ಹಾಲಿನ ಪದಾರ್ಥ ಯಾವುದನ್ನೂ ಕಟ್ಟಿಕೊಳ್ಳಬೇಡಿ. ಯುರೋಪಿನೊಳಗೆ ಬಿಡುವುದಿಲ್ಲ. ಅಮ್ಮ ಎರಡು ದಿನ ಒಲೆ ಮುಂದೆ ಕೂತು ಮಾಡಿಕೊಟ್ಟ ಹಂದಿಮಾಂಸದ ಉಪ್ಪಿನಕಾಯಿಯನ್ನು ಏರ್‌ಪೋರ್ಟಿನಲ್ಲಿ ನನ್ನ ಕಣ್ಣೆದುರೇ ಎತ್ತಿಟ್ಟರು. ಅದನ್ನು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಾವು ಹೋದದ್ದು 2011ರ ಅಕ್ಟೋಬರ್‌ನಲ್ಲಿ. ಊರಿನಲ್ಲಿ ಡಿಸೆಂಬರ್ 25ರಂದು ನಮ್ಮ ಮನೆ ಬಾಗಿಲು ಹಾಕಿದ್ದೇ ಇಲ್ಲ. ಬೆಳಗಿನ ಜಾವದ ಆರಾಧನೆ ಮುಗಿಸಿ ಬರುವಷ್ಟರಲ್ಲಿ ಪಕ್ಕದ ಮನೆಯವರು, ಅಪ್ಪನ ಆಫೀಸಿನವರು, ಹಾಲು ಹಾಕುವವರು ಎಲ್ಲ ಬರಲು ಶುರು. ಯಾರನ್ನೂ ಕರೆಯಬೇಕಾಗಿರಲಿಲ್ಲ. ಅದೇ ಲೆಕ್ಕದಲ್ಲಿ ಅಲ್ಲೂ ಮೂರು ಕೆಜಿ ಅಕ್ಕಿಯ ಬಿರಿಯಾನಿ ಮಾಡಿದೆ. ಕಜ್ಜಾಯ, ಕಲ್ಕಲ್, ರೋಸ್ ಕುಕ್ಕಿ ಮಾಡಿ ಡಬ್ಬ ತುಂಬಿಟ್ಟಿದ್ದೆ. ಒಬ್ಬರೂ ಬರಲಿಲ್ಲ. ಮಗಳು ರೇಷ್ಮೆ ಲಂಗ ಹಾಕಿಕೊಂಡು ಕಿಟಕಿ ಹತ್ತಿರವೇ ನಿಂತಿದ್ದಳು. ಮೂರು ಗಂಟೆ ಹೊತ್ತಿಗೆ "ಅಮ್ಮ, ನಾವು ಯಾರಿಗೂ ಅಡ್ರೆಸ್ ಕೊಟ್ಟಿಲ್ವಾ?" ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಇವರಿಗೆ ಮನುಷ್ಯರೇ ಬೇಡ ಅಂತ ಇಡೀ ಊರಿನ ಮೇಲೆ ತೀರ್ಪು ಕೊಟ್ಟುಬಿಟ್ಟೆ. ಕೆಳಗಿನ ಮನೆಯ ಅಜ್ಜಿ ಆ ದಿನದ ಮಾತು ಎತ್ತಿದ್ದು ಈಸ್ಟರ್ ಕಳೆದ ಮೇಲೆ. ಕಿಟಕಿಯಲ್ಲಿ ಮಗು ನಿಂತಿದ್ದನ್ನು ಅವರು ನೋಡಿದ್ದರು. ನಮ್ಮ ನೆಂಟರು ಬರುತ್ತಿರಬೇಕು, ನಡುವೆ ತೊಂದರೆ ಕೊಡಬಾರದು ಅಂತ ಸುಮ್ಮನಿದ್ದರಂತೆ. ಆ ಹಬ್ಬದಲ್ಲಿ ಅವರೂ ಒಬ್ಬರೇ ಇದ್ದರು. ಒಂದೇ ಕಟ್ಟಡದಲ್ಲಿ ಒಂದು ಕಡೆ ಬಿರಿಯಾನಿ ಆರುತ್ತಿತ್ತು, ಇನ್ನೊಂದು ಕಡೆ ಅಜ್ಜಿ ಒಬ್ಬರೇ ಕೂತಿದ್ದರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಅಲ್ಲಿ ದೊಡ್ಡ ಹಬ್ಬ 24ರ ಸಂಜೆ. ಮಧ್ಯಾಹ್ನ ಎರಡಕ್ಕೆಲ್ಲ ಅಂಗಡಿ ಮುಚ್ಚುತ್ತವೆ. 25, 26 ಎರಡೂ ದಿನ ತೆರೆಯುವುದಿಲ್ಲ, ಹಾಲು ತಂದಿಟ್ಟುಕೊಳ್ಳಿ. ಆ ಸಂಜೆ ಎಷ್ಟೋ ಮನೆಗಳಲ್ಲಿ ಆಲೂಗಡ್ಡೆ ಸಲಾಡ್, ಸಾಸೇಜ್ ಅಷ್ಟೇ ಊಟ. ಮನೆಯವರು ಮಾತ್ರ ಸೇರುತ್ತಾರೆ. ಕರೆಯದೆ ಹೋದರೆ ಅಲ್ಲಿ ತಪ್ಪು. ನಮ್ಮಲ್ಲಿ ಕರೆದರೆ ಮಾತ್ರ ಬರುವವರು ದೂರದವರು, ಅಲ್ವಾ? ಹಾಗಾಗಿ ನವೆಂಬರ್‌ನಲ್ಲೇ ದಿನ, ಗಂಟೆ ಹೇಳಿ ಕರೆಯಿರಿ. ಡಿಸೆಂಬರ್ 26 ಒಳ್ಳೆಯದು. ಆರು ಜನ ಸಾಕು. ಮೊದಲು ಒಬ್ಬರೇ ಇರುವವರನ್ನು ಕೇಳಿ.

ಪಕ್ಕದವರು ಬಿಸ್ಕತ್ತಿನ ಡಬ್ಬ ಕೊಟ್ಟರೆ ಖಾಲಿ ವಾಪಸ್ ಕೊಡಬೇಡಿ. ನಿಮಗೆ ಹೇಳಬೇಕಾಗಿಲ್ಲ ಬಿಡಿ.

ಇನ್ನೊಂದು ತಪ್ಪಿನ ಬೆಲೆ ಜಾಸ್ತಿ. ಪಾಸ್ಟರ್ ಮನೆಯ ಕ್ರಿಸ್‌ಮಸ್ ಎಲ್ಲರದ್ದೂ ಆಗುತ್ತದೆ, ಮನೆಯವರದ್ದು ಆಗುವುದಿಲ್ಲ. 24ರಂದು ಯಜಮಾನರಿಗೆ ಮೂರು ಆರಾಧನೆ. ಮಧ್ಯಾಹ್ನ ಮಕ್ಕಳ ನಾಟಕದ್ದು, ಸಂಜೆ ಒಂದು, ರಾತ್ರಿ ಇನ್ನೊಂದು. ಊರಲ್ಲಾದರೆ ಅಜ್ಜಿ, ಚಿಕ್ಕಮ್ಮ ಇರುತ್ತಿದ್ದರು. ಅಲ್ಲಿ ನಾನು, ಇಬ್ಬರು ಮಕ್ಕಳು, ನಾಲ್ಕೂವರೆಗೇ ಕತ್ತಲು. ಹೇಗಿದ್ದೀರಿ ಅಂತ ಯಾರು ಕೇಳಿದರೂ "ಚೆನ್ನಾಗಿದ್ದೇವೆ" ಅನ್ನುತ್ತಿದ್ದೆ. ಸೇವೆಗೆ ಬಂದವರು ಸಹಾಯ ಕೇಳುವುದು ಹೇಗೆ ಅನ್ನೋ ಬಿಗುಮಾನ. ಏಳು ವರ್ಷ ಹಾಗೇ ಕಳೆಯಿತು. ಕೊನೆಗೆ ಸಭೆಯ ಹಿರಿಯರಿಗೆ ಹೇಳಿದಾಗ, ಒಂದು ಆರಾಧನೆಯನ್ನು ಬೇರೆಯವರಿಗೆ ವಹಿಸಲು ಐದು ನಿಮಿಷವೂ ಹಿಡಿಯಲಿಲ್ಲ. ನೀವು ಮೊದಲ ವರ್ಷವೇ ಕೇಳಿ.

ಒಂದು ಡಿಸೆಂಬರ್‌ನಲ್ಲಿ ಮಕ್ಕಳನ್ನು ಸ್ಟುಟ್‌ಗಾರ್ಟ್ ಹತ್ತಿರದ ಟ್ಯೂಬಿಂಗನ್‌ಗೆ ಕರೆದುಕೊಂಡು ಹೋದೆವು. 1894ರಲ್ಲಿ ನಮ್ಮ ಭಾಷೆಯ ನಿಘಂಟು ತಂದ ಕಿಟೆಲ್ 1903ರ ಡಿಸೆಂಬರ್‌ನಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. ವಾಪಸ್ ಬರುವಾಗ ರೈಲಿನಲ್ಲಿ ಯಜಮಾನರು, ಕಿಟೆಲ್ ಅವರನ್ನು ನಮ್ಮ ನಾಡಿಗೆ ಕಳಿಸಿದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರ ಮಕ್ಕಳ ಕಥೆ ಹೇಳಿದರು. ಮಂಗಳೂರು, ಧಾರವಾಡದ ಕಡೆ ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿಗೆ ಯುರೋಪಿಗೆ ಕಳಿಸುತ್ತಿದ್ದರು. ಅವರಿಗಾಗಿ 1853ರಲ್ಲಿ ಬಾಸೆಲ್‌ನಲ್ಲಿ ಒಂದು ಮಕ್ಕಳ ಮನೆಯನ್ನೇ ತೆರೆದರು. ಆ ತಾಯಂದಿರು ನಮ್ಮ ನಾಡಿನಲ್ಲಿ ಮಕ್ಕಳಿಲ್ಲದೆ ಹೇಗೆ ಹಬ್ಬ ಮಾಡಿದರೋ. ಆ ರಾತ್ರಿ ಮಕ್ಕಳಿಬ್ಬರನ್ನೂ ನನ್ನ ಹಾಸಿಗೆಯಲ್ಲೇ ಮಲಗಿಸಿಕೊಂಡೆ.

ನನ್ನ ಮಕ್ಕಳು ಕಣ್ಣೆದುರೇ ಇದ್ದರು, ಭಾಷೆ ಮಾತ್ರ ಜಾರುತ್ತಿತ್ತು. ಮಗಳು ಜರ್ಮನ್‌ನಲ್ಲಿ ಪ್ರಾರ್ಥನೆ ಮಾಡಲು ಶುರು ಮಾಡಿದಾಗ ಬೈದೆ. "ದೇವರಿಗೆ ಕನ್ನಡದಲ್ಲಿ ಹೇಳು" ಅಂತ ಗದರಿದೆ. ಅವಳು ಜೋರಾಗಿ ಪ್ರಾರ್ಥನೆ ಮಾಡುವುದನ್ನೇ ಬಿಟ್ಟಳು. ಈ ತಪ್ಪನ್ನು ದಯವಿಟ್ಟು ಮಾಡಬೇಡಿ. ಊರಿನ ಅಜ್ಜಿ ಜೊತೆ ಫೋನಿನಲ್ಲಿ ಹೌದು, ಇಲ್ಲ, ಊಟ ಆಯ್ತು, ಅಷ್ಟೇ ಮಾತು ಉಳಿಯಿತು.

ಮತ್ತೆ ಮಾತು ಬಂದದ್ದು ರಾಗಿಯಿಂದ. ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಹುಲ್ಲು ಬೇಕು ಅಂತ ಊರಲ್ಲಿ ತಟ್ಟೆಯಲ್ಲಿ ರಾಗಿ ಚೆಲ್ಲುತ್ತೇವಲ್ಲ, ಅದನ್ನೇ ಮಾಡಿದೆ. ಇಂಡಿಯನ್ ಅಂಗಡಿಯಲ್ಲಿ ಇಡೀ ರಾಗಿ ಸಿಗುತ್ತದೆ. ಡಿಸೆಂಬರ್ ಹನ್ನೆರಡನೇ ತಾರೀಖಿನ ಹೊತ್ತಿಗೆ ರಾತ್ರಿ ನೆನೆಸಿ, ಬೆಳಿಗ್ಗೆ ತೆಳ್ಳಗೆ ಮಣ್ಣು ಹರಡಿದ ತಟ್ಟೆಯಲ್ಲಿ ಚೆಲ್ಲಿ, ಒದ್ದೆ ಬಟ್ಟೆ ಮುಚ್ಚಿ ಹೀಟರ್ ಹತ್ತಿರ ಇಡಿ. ಮೊಳಕೆ ಬಂದ ಮೇಲೆ ಕಿಟಕಿಗೆ ತನ್ನಿ. ಬೆಳಕು ಕಮ್ಮಿ, ಪೈರು ಸಣ್ಣಗೆ ಬೆಳೆದು ಗಾಜಿನ ಕಡೆಗೇ ವಾಲುತ್ತದೆ. ದಿನಾ ತಟ್ಟೆ ತಿರುಗಿಸಬೇಕು. ಆ ಕೆಲಸ ಮಗಳದ್ದು. ಸ್ಕೂಲಿಗೆ ಹೋಗುವ ಮುಂಚೆ ಬೆರಳ ತುದಿಯಲ್ಲಿ ಪೈರು ಸವರಿ, ಎಷ್ಟು ಉದ್ದ ಆಯ್ತು ಅಂತ ಅಜ್ಜಿಗೆ ಫೋನ್ ಮಾಡುತ್ತಿದ್ದಳು. ಮೊಳಕೆ, ಪೈರು, ವಾಲಿದೆ, ನೀರು ಜಾಸ್ತಿ ಆಯ್ತು. ಒಂದೊಂದೇ ಪದ ಬಾಯಿಗೆ ಬಂತು. ಅಜ್ಜಿ ಗದ್ದೆ ವಿಚಾರಿಸುವ ಹಾಗೆ ವಿಚಾರಿಸುತ್ತಿದ್ದರು.

ಕೊನೆಗೆ ಒಂದು ಮಾತು. 24ರ ಸಂಜೆ ಏಳೂವರೆಗೆ ಊಟಕ್ಕೆ ಕೂರಬೇಡಿ. ಆಗ ಹಾಸನದಲ್ಲಿ ರಾತ್ರಿ ಹನ್ನೆರಡು. ಕ್ಯಾರೋಲ್ ತಂಡ ಹೆಚ್ಚು ಕಮ್ಮಿ ಅದೇ ಹೊತ್ತಿಗೆ ನಮ್ಮ ಬೀದಿಗೆ ಬರುತ್ತದೆ. ಅಮ್ಮ ಸ್ವೆಟರ್ ಹಾಕಿಕೊಂಡು, ಫೋನ್ ಎತ್ತಿ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿರುತ್ತಾರೆ. ಮಂಜಿನಲ್ಲಿ ಮುಖ ಕಾಣುವುದಿಲ್ಲ, ನಕ್ಷತ್ರದ ದೀಪ ಮಾತ್ರ ಕಾಣುತ್ತದೆ. ಡ್ರಮ್ಮಿನ ಸದ್ದು ಕೇಳುತ್ತದೆ. ಹಾಡು ಮುಗಿದ ಮೇಲೆ ಕಾಫಿ ಲೋಟಗಳ ಸದ್ದು. ನಿಮ್ಮ ಮನೆಯೂ ಆ ಬೀದಿಯಲ್ಲೇ ಇದೆ. ನಿಮ್ಮಮ್ಮನಿಗೂ ಈಗಲೇ ಹೇಳಿಡಿ.