ಬೋರ್‌ವೆಲ್ ಒಳಗಿನ ಧ್ವನಿ ಮತ್ತು ನನ್ನ ವೈರ್‌ಲೆಸ್ ಹೆಡ್‌ಸೆಟ್

ನನ್ನ ಹಳೆಯ ಹೆಡ್‌ಸೆಟ್ ಸತ್ತಿದ್ದು ಕುರ್ಚಿಯ ಚಕ್ರದ ಕೆಳಗೆ. ವೈರಿನ ಮೇಲೆ ಚಕ್ರ ಹತ್ತಿ ಹತ್ತಿ ಒಳಗಿನ ತಂತಿ ಕಡಿದು, ಕೊನೆಗೆ ಎಡಗಿವಿ ಮಾತ್ರ ಕೇಳಿಸುತ್ತಿತ್ತು. ಎರಡು ಸಲ ಬೆಸುಗೆ ಹಾಕಿಸಿದೆ. ಮೂರನೇ ಸಲ ರಿಪೇರಿ ಅಂಗಡಿಯ ಹುಡುಗನೇ "ಸಾಕು ಬಿಡಿ ಅಣ್ಣ, ಇದಕ್ಕೆ ಮುಕ್ತಿ ಕೊಡಿ" ಅಂದ. ಈ ಸಲ ವೈರೇ ಇಲ್ಲದ್ದು ತಗೋಬೇಕು ಅಂತ ಅಂದೇ ತೀರ್ಮಾನಿಸಿದೆ.

ನಾನು ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುವವನು. ರಾತ್ರಿ ಊಟ ಆದಮೇಲೆ ಹತ್ತರಿಂದ ಹನ್ನೆರಡರವರೆಗೆ ವ್ಯಾಲರಂಟ್ ಅನ್ನೋ ಗುಂಡು ಹಾರಿಸುವ ಕಂಪ್ಯೂಟರ್ ಆಟ ಆಡುತ್ತೇನೆ. ಜೊತೆಗೆ ಚಿತ್ರದುರ್ಗದಲ್ಲಿರುವ ಸೋದರಮಾವನ ಮಗ, ಬೆಂಗಳೂರಿನ ಇಬ್ಬರು ಗೆಳೆಯರು. ಪಕ್ಕದ ಕೋಣೆಯಲ್ಲಿ ಮಗಳು ಮಲಗಿರುತ್ತಾಳೆ, ಹಾಗಾಗಿ ಸ್ಪೀಕರ್ ಹಚ್ಚುವ ಮಾತೇ ಇಲ್ಲ. ಹೆಡ್‌ಸೆಟ್ ನನಗೆ ಶೋಕಿ ಅಲ್ಲ, ಸಂಸಾರ ಉಳಿಸುವ ಸಾಮಾನು.

ಪಿ.ಬಿ. ರಸ್ತೆಯ ಎರಡು ಅಂಗಡಿ ಸುತ್ತಿದೆ. ಡಬ್ಬ ಬಿಚ್ಚಿ ಕೇಳೋಕೆ ಯಾರೂ ಬಿಡಲಿಲ್ಲ. ಕೊನೆಗೆ ಆನ್‌ಲೈನ್‌ನಲ್ಲಿ 5,800 ರೂಪಾಯಿ ಕೊಟ್ಟು ತರಿಸಿದೆ. ವಾಪಸ್ ಮಾಡೋಕೆ ಏಳು ದಿನ ಅವಕಾಶ. ಡಬ್ಬದ ಮೇಲೆ 50 ಮಿಲಿಮೀಟರ್ ಡ್ರೈವರ್, 20ರಿಂದ 20,000 ಹರ್ಟ್ಜ್, 7.1 ಸರೌಂಡ್ (ಸುತ್ತಲಿಂದಲೂ ಸದ್ದು ಬಂದಂತೆ ಮಾಡೋದು), 40 ಗಂಟೆ ಬ್ಯಾಟರಿ ಅಂತ ದಪ್ಪಕ್ಷರದಲ್ಲಿ ಹಾಕಿದ್ದರು. 20ರಿಂದ 20,000 ಅಂದರೆ ಮನುಷ್ಯನ ಕಿವಿಗೆ ಕೇಳಿಸುವ ವ್ಯಾಪ್ತಿ, ಅಷ್ಟೇ. ಇನ್ನೂರು ರೂಪಾಯಿಯ ಇಯರ್‌ಫೋನ್ ಮೇಲೂ ಅದನ್ನೇ ಬರೆದಿರುತ್ತಾರೆ. 50 ಮಿಲಿಮೀಟರ್ ಅನ್ನೋದು ಡ್ರೈವರ್‌ನ, ಅಂದರೆ ಒಳಗಿನ ಪುಟ್ಟ ಸ್ಪೀಕರ್‌ನ, ಬರೀ ಅಳತೆ. ಕಾವಲಿ ದೊಡ್ಡದಿದ್ದ ಮಾತ್ರಕ್ಕೆ ದೋಸೆ ರುಚಿ ಆಗಲ್ಲ ಅಲ್ವಾ?

ಮೊದಲ ರಾತ್ರಿ ಹಾಕಿಕೊಂಡು ಕೂತೆ. ಗುಂಡಿನ ಸದ್ದು ಸೊಗಸಾಗಿತ್ತು, ಕಿವಿ ಮೇಲೆ ಮೆತ್ತಗಿತ್ತು. ಒಳ್ಳೇದೇ ಸಿಕ್ಕಿತು ಅಂತ ಖುಷಿಯಲ್ಲಿದ್ದೆ. ಐದು ನಿಮಿಷ ಕಳೆದಿರಲಿಲ್ಲ, ಚಿತ್ರದುರ್ಗದಿಂದ ಪ್ರಶ್ನೆ ಬಂತು: "ಏನ್ ಭಾವ, ಬೋರ್‌ವೆಲ್ ಒಳಗೆ ಇಳಿದು ಮಾತಾಡ್ತಿದೀರೇನು?"

ನಗಾಡಿ ಸುಮ್ಮನಾದೆ. ಆದರೆ ಅವತ್ತೇ ಒಂದು ಎಡವಟ್ಟಾಯಿತು. ಆಟದ ಹೇವನ್ ಅನ್ನೋ ಮ್ಯಾಪ್‌ನಲ್ಲಿ ಎ, ಬಿ, ಸಿ ಅಂತ ಮೂರು ಸೈಟ್, ಅಂದರೆ ಬಾಂಬ್ ಇಡುವ ಜಾಗ, ಇವೆ. ನಾನು "ಸಿ, ಸಿ, ಸಿಗೆ ಬಾ" ಅಂತ ಕೂಗಿದೆ. ಅವನು ಓಡಿದ್ದು ಬಿಗೆ. ರೌಂಡ್ ಹೋಯಿತು. "ನೀವು ಬಿ ಅಂದ್ರಿ" ಅಂತ ಅವನು, "ಸಿ ಅಂದೆ" ಅಂತ ನಾನು. ಉಳಿದ ಇಬ್ಬರೂ ಅವನ ಕಡೆಗೇ ಸಾಕ್ಷಿ ಹೇಳಿದರು.

ಆಗ ಹೊಳೆಯಿತು. ಹೆಡ್‌ಸೆಟ್‌ನ ಅರ್ಧ ಭಾಗವನ್ನು ಹಾಕಿಕೊಂಡವನು ಕೇಳುವುದೇ ಇಲ್ಲ. ಇಷ್ಟು ವರ್ಷ ಮೈಕ್‌ನಲ್ಲಿ ನನ್ನ ಧ್ವನಿ ಹೇಗೆ ಹೋಗುತ್ತೆ ಅಂತ ನಾನು ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ.

ಮರುದಿನ ಕಂಪ್ಯೂಟರ್‌ನಲ್ಲಿ ರೆಕಾರ್ಡ್ ಮಾಡಿದೆ. "ಕಪ್ಪು ಕುಂಕುಮ ಕೆಂಪು ಕುಂಕುಮ" ಅನ್ನೋದು ಮೊದಲು. 'ಪ' ಅಂದಾಗ ಬಾಯಿಂದ ಗಾಳಿ ನುಗ್ಗುತ್ತೆ, ಮೈಕ್ ಸರಿಯಾದ ಜಾಗದಲ್ಲಿಲ್ಲದಿದ್ದರೆ ದಪ್ ದಪ್ ಅಂತ ಬಡಿಯುತ್ತೆ. ಎರಡನೇದು ನಾನೇ ಕಟ್ಟಿದ್ದು: "ಶನಿವಾರ ಸಂತೆಗೆ ಹೋಗಿ ಸೊಪ್ಪು, ಸಾಸಿವೆ, ಶುಂಠಿ ತಂದೆ". ಇದು ಸ, ಶ ಸರಿಯಾಗಿ ಬರುತ್ತವೋ ಇಲ್ಲವೋ ನೋಡೋಕೆ. ಅದೇ ಮಾತುಗಳನ್ನು ಫೋನ್‌ನಲ್ಲೂ ರೆಕಾರ್ಡ್ ಮಾಡಿ ಅಕ್ಕಪಕ್ಕ ಇಟ್ಟು ಕೇಳಿದೆ. ಫೋನ್‌ನಲ್ಲಿ ಸಾಸಿವೆ ಸಾಸಿವೆಯಾಗೇ ಇತ್ತು. ಹೆಡ್‌ಸೆಟ್‌ನಲ್ಲಿ ಸ, ಶ, ಫ ಮೂರೂ ಒಂದೇ ಜಾತಿ ಆಗಿಬಿಟ್ಟಿದ್ದವು.

ಅಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಸ್ಪೆಕ್ಟ್ರೋಗ್ರಾಮ್, ಅಂದರೆ ಸದ್ದಿನಲ್ಲಿ ಯಾವ ಕಂಪನ ಎಷ್ಟಿದೆ ಅಂತ ತೋರಿಸುವ ಚಿತ್ರ, ತೆಗೆದು ನೋಡಿದರೆ ಕಾರಣ ಕಣ್ಣಿಗೇ ಕಾಣಿಸಿತು. 8,000 ಹರ್ಟ್ಜ್ ಮೇಲೆ ಏನೂ ಇಲ್ಲ, ಚಾಕು ಹಾಕಿ ಕತ್ತರಿಸಿದ ಹಾಗೆ. ಮೈಕ್‌ನ ಧ್ವನಿಯನ್ನು ಸೆಕೆಂಡಿಗೆ 16,000 ಸಲ ಅಳೆದು ಕಳಿಸಿದರೆ ಅದರ ಅರ್ಧ, ಅಂದರೆ 8,000 ಹರ್ಟ್ಜ್‌ವರೆಗಿನ ಧ್ವನಿ ಮಾತ್ರ ದಾಟುತ್ತೆ. 'ಸ'ಕಾರದ ಸುಯ್ಯನೆಯ ಸದ್ದಿನ ಒಂದು ಪಾಲು 8,000ದ ಮೇಲೂ ಇರುತ್ತೆ. ಅದು ಉದುರಿದರೆ 'ಸಿ'ಯಲ್ಲಿ 'ಸ' ಮಂಕಾಗಿ 'ಇ'ಯೇ ಮುಂದೆ ಬರುತ್ತೆ. ಕೇಳುವವನು ಅದನ್ನು 'ಬಿ' ಅಂದುಕೊಂಡರೆ ಅವನ ತಪ್ಪಲ್ಲ. ಕಿವಿಗೆ ಹೋಗುವ ಸದ್ದಿಗೇ ಜಾಸ್ತಿ ಜಾಗ ಕೊಟ್ಟು, ಬಾಯಿಂದ ಬರುವ ಸದ್ದನ್ನು ಹಿಂಡಿ ಕಳಿಸುವ ವೈರ್‌ಲೆಸ್ ಹೆಡ್‌ಸೆಟ್‌ಗಳು ಬೇಕಾದಷ್ಟಿವೆ. ಡಬ್ಬದ ಮೇಲೆ ಇದನ್ನು ಯಾರು ಬರೀತಾರೆ?

ಸುಧಾರಿಸುವಷ್ಟು ಸುಧಾರಿಸಿದೆ. ಮೈಕ್ ಬಾಯಿಗೆ ನೇರ ಇಡಬಾರದು. ತುಟಿಯ ಅಂಚಿನಿಂದ ಎರಡು ಬೆರಳು ಪಕ್ಕಕ್ಕೆ ಇಟ್ಟರೆ ದಪ್ ದಪ್ ಹೋಗುತ್ತೆ. ನಮ್ಮೂರಿನ ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಕೂರೋಕಾಗಲ್ಲ. ಆದರೆ ಟೇಬಲ್ ಫ್ಯಾನ್ ಗಾಳಿ ನೇರ ಮೈಕ್‌ಗೆ ಬಡಿದರೆ ಆಚೆಯವರಿಗೆ ಬಿರುಗಾಳಿ. ಫ್ಯಾನನ್ನು ಬೆನ್ನ ಹಿಂದಕ್ಕೆ ಇಟ್ಟೆ. ಗದ್ದಲ ತಡೆಯುವ ಸೆಟ್ಟಿಂಗ್ ಜೋರು ಮಾಡಿದರೆ ಮಿಕ್ಸಿ ಸದ್ದು ನಿಂತಿತು, ಆದರೆ ಮಾತಿನ ಮೊದಲ ಅಕ್ಷರವನ್ನೂ ಅದೇ ನುಂಗುತ್ತಿತ್ತು. ಮಧ್ಯಕ್ಕೆ ಇಳಿಸಿದೆ. ಇಷ್ಟೆಲ್ಲ ಮಾಡಿದರೂ 8,000ದ ಮೇಲಿನದು ವಾಪಸ್ ಬರಲಿಲ್ಲ. ಅದು ಸೆಟ್ಟಿಂಗ್‌ನಿಂದ ಸರಿಹೋಗುವ ಕಾಯಿಲೆ ಅಲ್ಲ.

ಇನ್ನು ತಡದ ವಿಷಯ. ವೈರ್‌ಲೆಸ್ ಅಂದರೆ ಸದ್ದು ತಡ ಆಗುತ್ತೆ ಅಂತ ಎಲ್ಲರೂ ಹೆದರಿಸಿದ್ದರು. ಎಷ್ಟು ತಡ ಅಂತ ಮಾತ್ರ ಯಾರೂ ಹೇಳಲಿಲ್ಲ. ಅಳೆಯೋಕೆ ನಾನು ಕಂಡುಕೊಂಡ ದಾರಿ ಸುಲಭದ್ದು. ಹೆಡ್‌ಸೆಟ್‌ನ ಒಂದು ಕಪ್ ಪಕ್ಕ ಫೋನ್ ಇಟ್ಟು ರೆಕಾರ್ಡಿಂಗ್ ಹಾಕಿದೆ. ಅದರ ಹತ್ತಿರವೇ ಮೌಸ್. ಆಟದ ಅಭ್ಯಾಸದ ಜಾಗದಲ್ಲಿ ಗುಂಡು ಹಾರಿಸಿದೆ. ಮೌಸ್‌ನ ಕಟ್ ಸದ್ದು, ಕಪ್‌ನಿಂದ ಗುಂಡಿನ ಸದ್ದು, ಎರಡೂ ಒಂದೇ ರೆಕಾರ್ಡಿಂಗ್‌ನಲ್ಲಿ ಬಂದವು. ಅಡಾಸಿಟಿಯಲ್ಲಿ ಇವೆರಡರ ನಡುವಿನ ಅಂತರ ನೋಡಿದರೆ ಆಯಿತು. ವೈರ್ ಇರುವ ಇಯರ್‌ಫೋನ್‌ನಲ್ಲಿ ಹತ್ತು ಸಲದ ಸರಾಸರಿ 58 ಮಿಲಿಸೆಕೆಂಡ್ ಬಂತು. ಇದು ಕಂಪ್ಯೂಟರ್ ಮತ್ತು ಆಟದ್ದೇ ತಡ. ಹೆಡ್‌ಸೆಟ್ ಜೊತೆ ಬಂದ, ಕಂಪ್ಯೂಟರ್‌ನ ಯುಎಸ್‌ಬಿಗೆ ಚುಚ್ಚುವ 2.4 ಗಿಗಾಹರ್ಟ್ಜ್ ಡಾಂಗಲ್‌ನಲ್ಲಿ 84. ಬ್ಲೂಟೂತ್‌ನಲ್ಲಿ 260ರ ಆಸುಪಾಸು. ಅಂದರೆ ಡಾಂಗಲ್ ಸೇರಿಸಿದ್ದು 26 ಮಾತ್ರ, ನನಗಂತೂ ಅದು ಗೊತ್ತೇ ಆಗಲ್ಲ. ಬ್ಲೂಟೂತ್ ಸೇರಿಸಿದ್ದು ಇನ್ನೂರು. ಗುಂಡು ಬಿದ್ದು ಸತ್ತಮೇಲೆ ಗುಂಡಿನ ಸದ್ದು ಕೇಳಿಸುತ್ತೆ.

ಮಾಮೂಲಿ ಬ್ಲೂಟೂತ್‌ನಲ್ಲಿ ಇನ್ನೊಂದು ಕಾಟ ಇದೆ. ಮೈಕ್ ಆನ್ ಆದ ತಕ್ಷಣ ಅದು ಫೋನ್ ಕರೆಯ ವಿಧಾನಕ್ಕೆ ಜಾರುತ್ತೆ. ಆಗ ಆಟದ ಸದ್ದೂ ಒಂದೇ ಚಾನೆಲ್ ಆಗಿ ಹಳೇ ಟೆಲಿಫೋನ್ ತರ ಕೇಳಿಸುತ್ತೆ. ಎಡ ಬಲ ಏನೂ ಗೊತ್ತಾಗಲ್ಲ. ಗುಂಪಿನಲ್ಲಿ ಮಾತಾಡಿಕೊಂಡು ಆಡುವವರು ಬರೀ ಬ್ಲೂಟೂತ್ ಇರುವ ಹೆಡ್‌ಸೆಟ್ ತಗೊಳ್ಳಲೇಬೇಡಿ.

ಡಾಂಗಲ್ ಒಳ್ಳೇದೇ, ಆದರೆ ಮೂರನೇ ದಿನ ಅದೂ ಚರಚರ ಅನ್ನೋಕೆ ಶುರು ಮಾಡಿತು. ಹೆಡ್‌ಸೆಟ್ ಕೆಟ್ಟಿದೆ ಅಂತಲೇ ಅಂದುಕೊಂಡೆ. ಆಮೇಲೆ ಗಮನಿಸಿದರೆ, ಅಂಗಡಿಯ ಲೆಕ್ಕದ ಬ್ಯಾಕಪ್‌ಗೆ ಹಾರ್ಡ್ ಡಿಸ್ಕ್ ಚುಚ್ಚಿದಾಗ ಮಾತ್ರ ಹಾಗೆ. ಯುಎಸ್‌ಬಿ 3.0 ಓಡುವಾಗ ಹೊಮ್ಮುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಜ್ ಪಟ್ಟಿಯಲ್ಲೂ ಹರಡುತ್ತೆ. ಇಂಟೆಲ್ ಕಂಪನಿ 2012ರಲ್ಲೇ ಇದರ ಬಗ್ಗೆ ಒಂದು ವರದಿ ಹೊರತಂದಿತ್ತು. ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ತಂದು ಡಾಂಗಲನ್ನು ಮೇಜಿನ ಮೇಲಕ್ಕೆ ತಂದಿಟ್ಟೆ. ಚರಚರ ನಿಂತಿತು. ಕಂಪ್ಯೂಟರ್‌ನ ವೈಫೈಯನ್ನು 5 ಗಿಗಾಹರ್ಟ್ಜ್‌ಗೆ ಹಾಕಿದೆ, ಇನ್ನೂ ನೆಮ್ಮದಿ. ಹೆಡ್‌ಸೆಟ್‌ಗೆ ಬೈಯುವ ಮುಂಚೆ ಡಾಂಗಲ್ ಎಲ್ಲಿ ಕೂತಿದೆ ನೋಡಿ.

ಹೆಜ್ಜೆ ಸದ್ದು ಎಲ್ಲಿಂದ ಬಂತು ಅಂತ ಹೇಳುವ ಪರೀಕ್ಷೆಗೆ ಭಾಮೈದನನ್ನೇ ಹಿಡಿದೆ. ಬೇರೆ ಯಾರೂ ಇಲ್ಲದ ಆಟದಲ್ಲಿ ಅವನು ನನ್ನ ಸುತ್ತ ಓಡಿ ನಿಲ್ಲಬೇಕು, ನಾನು ಕಣ್ಣು ಮುಚ್ಚಿ ದಿಕ್ಕು ಹೇಳಬೇಕು. 7.1 ಸರೌಂಡ್ ಹಾಕಿ ಇಪ್ಪತ್ತು ಸಲ, ಬರೀ ಸ್ಟೀರಿಯೋದಲ್ಲಿ ಇಪ್ಪತ್ತು ಸಲ. 7.1ರಲ್ಲಿ ಹನ್ನೊಂದು ಸರಿ, ಸ್ಟೀರಿಯೋದಲ್ಲಿ ಹದಿನೇಳು. ತಪ್ಪಿದ್ದೆಲ್ಲ ಹೆಚ್ಚುಕಮ್ಮಿ ಮುಂದೆಯೋ ಹಿಂದೆಯೋ ಅನ್ನೋದರಲ್ಲೇ. ಬಲಗಡೆಯ ಸದ್ದು ಬಲಗಿವಿಗೆ ಮೊದಲು ಬಂದು, ಎಡಗಿವಿಗೆ ಹೆಚ್ಚೆಂದರೆ 0.7 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತೆ. ಮೆದುಳಿಗೆ ಎಡ ಬಲ ಹೇಳೋಕೆ ಅಷ್ಟು ಸಾಕು. ಮುಂದೆ ಹಿಂದೆಗೆ ಈ ಅಂತರ ಇರಲ್ಲ. ಹೊರಗಿವಿಯ ಮಡಿಕೆಗಳು ಸದ್ದನ್ನು ಸ್ವಲ್ಪ ಬದಲಾಯಿಸುವ ರೀತಿಯಿಂದ ಅದು ಗೊತ್ತಾಗೋದು. ವ್ಯಾಲರಂಟ್‌ನ ಸೆಟ್ಟಿಂಗ್ಸ್‌ನಲ್ಲಿರುವ ಎಚ್‌ಆರ್‌ಟಿಎಫ್ ಆ ಬದಲಾವಣೆಯನ್ನೇ ಲೆಕ್ಕ ಹಾಕಿ ಕೊಡುತ್ತೆ. ಅದರ ಮೇಲೆ ಹೆಡ್‌ಸೆಟ್‌ನ 7.1 ಕೂಡ ಹಾಕಿದರೆ ಉಪ್ಪು ಹಾಕಿದ ಸಾರಿಗೆ ಮತ್ತೊಮ್ಮೆ ಉಪ್ಪು ಸುರಿದ ಹಾಗೆ. ಈಗ 7.1 ಬಟನ್ ಮುಟ್ಟೋದೇ ಇಲ್ಲ. ಬೇಸ್ ಕೂಡ ಸ್ವಲ್ಪ ಇಳಿಸಿದ್ದೇನೆ. ಢಂ ಅನ್ನೋದರ ಅಡಿಯಲ್ಲಿ ಹೆಜ್ಜೆ ಮುಚ್ಚಿಹೋಗುತ್ತಿತ್ತು.

ತೂಕವನ್ನು ನಮ್ಮ ಅಂಗಡಿಯ ತಕ್ಕಡಿಯಲ್ಲಿ ನೋಡಿದೆ. ಮೈಕ್ ಸೇರಿ 318 ಗ್ರಾಂ. ಮಾಲೀಕರು "ಇದನ್ನ ಕೆಜಿ ಲೆಕ್ಕದಲ್ಲಿ ಮಾರ್ತಾರೇನಪ್ಪ?" ಅಂದರು. ಆದರೆ ತೊಂದರೆ ಕೊಟ್ಟಿದ್ದು ತೂಕ ಅಲ್ಲ, ಕನ್ನಡಕ. ಅದರ ಕಡ್ಡಿ ಕೂತ ಜಾಗದಲ್ಲಿ ಹೆಡ್‌ಸೆಟ್‌ನ ಕಿವಿ ದಿಂಬಿಗೂ ತಲೆಗೂ ಸಂದು ಬೀಳುತ್ತೆ, ಆ ಸಂದಿನಲ್ಲಿ ಬೇಸ್ ಸೋರಿಹೋಗುತ್ತೆ. ಒಂದು ಗಂಟೆ ಆದಮೇಲೆ ಕಿವಿಯ ಮೇಲ್ಭಾಗ ನೋಯುತ್ತೆ. ಕನ್ನಡಕ ಹಾಕುವವರು ಹಾಕಿಕೊಂಡೇ ನೋಡಬೇಕು, ಅದೂ ಐದು ನಿಮಿಷ ಅಲ್ಲ, ಒಂದೂವರೆ ಗಂಟೆ.

ಬೇಸಿಗೆ ಬಂದಾಗ ಇನ್ನೊಂದು ಮುಖ ಕಂಡಿತು. ಏಪ್ರಿಲ್‌ನಲ್ಲಿ ರಾತ್ರಿ ಹತ್ತಕ್ಕೂ ನಮ್ಮ ಮನೆಯ ತಾರಸಿ ಬಿಸಿ ಉಗುಳುತ್ತಿರುತ್ತೆ. ಚರ್ಮದಂತೆ ಕಾಣುವ ಆ ದಿಂಬು ಪ್ಲಾಸ್ಟಿಕ್ ಲೇಪದ್ದು, ಗಾಳಿ ಆಡಲ್ಲ. ಅರ್ಧ ಗಂಟೆಗೆ ಕಿವಿ ಬೆವರಿ ಪಚಪಚ. ಬೆವರಿನ ಜೊತೆ ನನ್ನ ತಲೆಯ ಕೊಬ್ಬರಿ ಎಣ್ಣೆಯೂ ಸೇರಿತು. ಎಂಟನೇ ತಿಂಗಳಿಗೆ ದಿಂಬು ಸಿಪ್ಪೆ ಬಿಡೋಕೆ ಶುರುವಾಗಿ, ಬೆಳಿಗ್ಗೆ ಕನ್ನಡಿ ನೋಡಿದರೆ ಕಿವಿ ಸುತ್ತ ಕಪ್ಪು ಹೊಟ್ಟು. ಬಟ್ಟೆಯ ದಿಂಬು ತರಿಸಿ ಹಾಕಿದೆ. ಬೇಸ್ ಇನ್ನಷ್ಟು ಕಮ್ಮಿ ಆಯಿತು, ಸೆಖೆ ಅರ್ಧ ಆಯಿತು. ನನಗೆ ಈ ವ್ಯಾಪಾರ ಒಪ್ಪಿಗೆ. ತಗೊಳ್ಳುವ ಮುಂಚೆ ದಿಂಬು ಬಿಚ್ಚಿ ಬದಲಿಸೋಕೆ ಬರುತ್ತಾ, ಬೇರೆ ದಿಂಬು ಸಿಗುತ್ತಾ ಅಂತ ನೋಡಿಕೊಳ್ಳಿ. ಅಂಟು ಹಾಕಿ ಕೂರಿಸಿದ್ದಾದರೆ ಅದರ ಆಯುಷ್ಯ ದಿಂಬಿನ ಆಯುಷ್ಯವೇ.

ಬ್ಯಾಟರಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ಡಬ್ಬದ 40 ಗಂಟೆ ಅಂದರೆ ಬಣ್ಣದ ದೀಪ ಆರಿಸಿ, ವಾಲ್ಯೂಮ್ ಅರ್ಧಕ್ಕಿಟ್ಟು. ದೀಪ ಹಚ್ಚಿ ಆಡಿದರೆ ನನಗೆ ಸಿಕ್ಕಿದ್ದು 29. ತಲೆ ಮೇಲಿನ ದೀಪ ನನಗೇ ಕಾಣಲ್ಲ, ಯಾಕೆ ಬೇಕು? ಆರಿಸಿದೆ. ಒಂದು ಸಲ ಮಾತ್ರ ಗಾಬರಿ ಆಗಿತ್ತು. ಹೊಸ ಫೋನ್‌ನ ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಹಾಕಿದೆ, ಚಾರ್ಜೇ ಆಗಲಿಲ್ಲ. ಹಳೆಯ ಅಗಲ ತುದಿಯ ಕೇಬಲ್ ಹಾಕಿದರೆ ಆಯಿತು. ಟೈಪ್-ಸಿ ಸಾಕೆಟ್‌ನಲ್ಲಿ 5.1 ಕಿಲೋಓಮ್‌ನ ಎರಡು ಚಿಕ್ಕ ರೆಸಿಸ್ಟರ್ ಇದ್ದರೆ ಮಾತ್ರ ಆಚೆ ತುದಿಯ ಚಾರ್ಜರ್ ಕರೆಂಟ್ ಬಿಡುತ್ತೆ. ನಾಲ್ಕಾಣೆ ಉಳಿಸೋಕೆ ಅದನ್ನೇ ಬಿಟ್ಟಿರುತ್ತಾರೆ.

ಏಳನೇ ದಿನ ವಾಪಸ್ ಕಳಿಸಲೋ ಬೇಡವೋ ಅಂತ ಡಬ್ಬ ಮುಂದಿಟ್ಟುಕೊಂಡು ಕೂತಿದ್ದೆ. ಕೇಳೋಕೆ ಚೆನ್ನಾಗಿದೆ, ತಡ ಇಲ್ಲ, ಅಡುಗೆಮನೆಯವರೆಗೆ ಹೋಗಿ ನೀರು ಕುಡಿದು ಬಂದರೂ ಸದ್ದು ಕಡಿಯಲ್ಲ. ಮೈಕ್ ಒಂದೇ ದರಿದ್ರ. ಕಥೆಯ ಆಟಗಳನ್ನು ಒಬ್ಬನೇ ಆಡುವವನಾಗಿದ್ದರೆ ಇದಕ್ಕೆ ಹತ್ತಕ್ಕೆ ಎಂಟು ಕೊಡುತ್ತಿದ್ದೆ. ಗುಂಪಿನಲ್ಲಿ ಆಡುವ ನನ್ನ ಲೆಕ್ಕದಲ್ಲಿ ಐದು. ಕೊನೆಗೆ ಇಟ್ಟುಕೊಂಡೆ. ಅಂಗಿಯ ಕಾಲರ್‌ಗೆ ಸಿಕ್ಕಿಸುವ ಚಿಕ್ಕ ಮೈಕ್ ಒಂದನ್ನು ತಂದು ಕಂಪ್ಯೂಟರ್‌ನ ಗುಲಾಬಿ ಬಣ್ಣದ ತೂತಿಗೆ ಚುಚ್ಚಿದೆ. ವೈರ್ ಬೇಡ ಅಂತ ಇಷ್ಟು ದುಡ್ಡು ಕೊಟ್ಟವನ ಕೊರಳಲ್ಲಿ ಈಗ ಮತ್ತೆ ಒಂದು ವೈರ್. ಅದನ್ನು ನೋಡಿ ಹೆಂಡತಿ ನಕ್ಕಳು.

ಹೊಸ ಮೈಕ್ ಹಾಕಿದ ರಾತ್ರಿ ಮಿರ್ಚಿ-ಮಂಡಕ್ಕಿ ತಿನ್ನುತ್ತಾ ಕೂತಿದ್ದೆ. ಹೇವನ್ ಮ್ಯಾಪೇ ಬಂತು. "ಸಿಗೆ ಬಾ" ಅಂದೆ. ಭಾಮೈದ ಬಿಗೇ ಓಡಿದ.

"ಈಗ್ಲೂ ಕೇಳಿಸ್ಲಿಲ್ವೇನೋ?"

"ಕೇಳಿಸ್ತು ಭಾವ. ಮಂಡಕ್ಕಿ ಅಗಿಯೋದೂ ಕೇಳಿಸ್ತು. ಸಿನಲ್ಲಿ ನಾಲ್ಕು ಜನ ಇದ್ರು, ಅದಕ್ಕೇ ಬರ್ಲಿಲ್ಲ."